ಮಾಡಿದವರು ಯಾರು? ಕುಂದಾಪುರದ ಹಂಚು, ಭರಣಿ, ಬಾಟಲಿಗಳ ಗುರುತು

ಕುಂದಾಪುರ ಸೀಮೆಯಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಮೊದಲು ಗಿರಾಕಿ ಸಿಗುವುದು ಮರಕ್ಕೆ. ಕಂಬ, ತೊಲೆ, ಬಾಗಿಲು, ದಳಿ ಎಲ್ಲಕ್ಕೂ ಬೆಲೆ ಕಟ್ಟುವವರಿದ್ದಾರೆ. ಆಮೇಲೆ ಹಂಚು. ಗಟ್ಟಿ ಇದ್ದದ್ದು ದನದ ಕೊಟ್ಟಿಗೆಗೋ ಹೊಸ ರೆಸಾರ್ಟಿನ ಮಾಡಿಗೋ ಹೋಗುತ್ತದೆ, ಒಡೆದದ್ದು ಅಂಗಳದ ಗುಂಡಿಗೆ ಬೀಳುತ್ತದೆ. ಕೊನೆಗೆ ಉಳಿಯುವುದು ಅಟ್ಟದ ಸಾಮಾನು: ಮಿಡಿ ಉಪ್ಪಿನಕಾಯಿ ಹಾಕಿಡುತ್ತಿದ್ದ ಭರಣಿ, ಚಿಮಣಿ ಕಪ್ಪಾದ ಲಾಟೀನು, ಗೋಲಿ ಸೋಡಾದ ಖಾಲಿ ಬಾಟಲಿ, ಅಂಚು ಮುಕ್ಕಾದ ಪಿಂಗಾಣಿ ಬಶಿ, ತಳ ಕರಿ ಹಿಡಿದ ಮಣ್ಣಿನ ಅಳಗೆ. ಇವುಗಳನ್ನು ಗುಜರಿಯವರು ತೂಕಕ್ಕೆ ಹಾಕಿಕೊಳ್ಳುತ್ತಾರೆ, ಮಣ್ಣಿನದನ್ನು ಅವರೂ ಮುಟ್ಟುವುದಿಲ್ಲ.

ಇವನ್ನೆಲ್ಲ ಮಾಡಿದವರು ಯಾರು, ಎಲ್ಲಿ, ಯಾವಾಗ? ಪ್ರಪಂಚದ ಬೇರೆ ಕಡೆ ಈ ಪ್ರಶ್ನೆಯ ಸುತ್ತ ದೊಡ್ಡ ಅಧ್ಯಯನವೇ ಬೆಳೆದಿದೆ. ಇಂಗ್ಲೆಂಡಿನ ಕುಂಬಾರ ಪಟ್ಟಣಗಳ ಮುದ್ರೆಗಳಿಗೆ, ಅಮೆರಿಕದ ಬಾಟಲಿಗಳ ತಳದ ಗುರುತುಗಳಿಗೆ, ಚೀನಾದ ಅರಸರ ಹೆಸರಿನ ಮುದ್ರೆಗಳಿಗೆ ದಪ್ಪ ದಪ್ಪ ಕೋಶಗಳಿವೆ. ನಮ್ಮ ಕರಾವಳಿಯ ಮನೆಗಳಲ್ಲಿ ಆ ಎಲ್ಲ ದೇಶಗಳ ಸಾಮಾನೂ ಇದೆ, ನಮ್ಮದೇ ಮಣ್ಣಿನ ಸಾಮಾನೂ ಇದೆ. ನಮ್ಮದನ್ನು ಗುರುತಿಸುವ ಕೋಶ ಮಾತ್ರ ಇನ್ನೂ ಆಗಬೇಕಿದೆ. ಇರುವ ದಾರಿಗಳು ಯಾವುವು, ಯಾವುದು ಎಷ್ಟು ನಂಬಿಕೆಗೆ ಅರ್ಹ ಎಂದು ನೋಡುವುದು ಈ ಲೇಖನದ ಕೆಲಸ.

ಹೆಸರು ಓದಿದರೆ ಮುಗಿಯಿತಲ್ಲ ಎಂದು ಹಲವರು ಭಾವಿಸುತ್ತಾರೆ. ಹಾಗೆ ಮುಗಿಯುವುದಿಲ್ಲ. ವಸ್ತುವಿನ ಮೇಲಿರುವ ಹೆಸರು ಮಾರಿದವನದ್ದಾಗಿರಬಹುದು, ಅದರೊಳಗೆ ಸರಕು ತುಂಬಿಸಿದವನದ್ದಾಗಿರಬಹುದು, ಪೇಟೆಂಟ್ ಪಡೆದವನದ್ದಾಗಿರಬಹುದು, ಆರ್ಡರ್ ಕೊಟ್ಟ ಹೋಟೆಲಿನದ್ದಾಗಿರಬಹುದು. ಹೆಸರೇ ಇಲ್ಲದ ವಸ್ತುಗಳಲ್ಲಿ ಮಾಡಿದವರ ಕೈ ಅದಕ್ಕಿಂತ ಸ್ಪಷ್ಟವಾಗಿ ಕಾಣುವುದೂ ಉಂಟು. ನಮ್ಮ ಊರಿನ ಮಟ್ಟಿಗೆ ಇದನ್ನು ಕಲಿಸುವ ಅತ್ಯುತ್ತಮ ಪಾಠವೆಂದರೆ ಹಂಚು.

ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಕೂರುವ ಹಂಚಿನ ವಿನ್ಯಾಸ ನಮ್ಮದಲ್ಲ. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಆಲ್ಟ್‌ಕಿರ್ಕ್ ಎಂಬಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದ ಅದು ಮಾರ್ಸೇಲ್ಸ್ ಬಂದರಿನ ಕಾರ್ಖಾನೆಗಳಿಗೆ ಹಬ್ಬಿ, ಹಡಗು ಹತ್ತಿ ಲೋಕ ಸುತ್ತಿತು. ಮಂಗಳೂರಿಗೆ 1834ರಲ್ಲೇ ಬಂದಿದ್ದ ಬಾಸೆಲ್ ಮಿಶನ್ನಿನವರು ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದರ ಹಿಂದಿನ ಕೈ ಜಾರ್ಜ್ ಪ್ಲೆಬ್ಸ್ಟ್ ಅವರದ್ದು. ಮೂರೇ ವರ್ಷಗಳಲ್ಲಿ, 1868ರಲ್ಲಿ, ಆಲ್ಬುಕರ್ಕ್ ಮನೆತನದ ಕಾರ್ಖಾನೆ ಶುರುವಾಯಿತು. ಮುಂದೆ ಮಿಶನ್ ಕುದ್ರೋಳಿಯಲ್ಲೂ ನಮಗೆ ಹತ್ತಿರದ ಮಲ್ಪೆಯಲ್ಲೂ ಕಾರ್ಖಾನೆ ನಡೆಸಿತು. ಮೊದಲ ಮಹಾಯುದ್ಧದ ಬಳಿಕ ಮಿಶನ್ನಿನ ಕೈಗಾರಿಕೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು.

ಮಂಗಳೂರಿನ ನಂತರ ಹಂಚಿನ ದೊಡ್ಡ ಕೇಂದ್ರವಾಗಿ ಬೆಳೆದದ್ದು ಕುಂದಾಪುರ. ಕಾರಣ ಕಣ್ಣಮುಂದೆಯೇ ಇದೆ. ಐದು ಹೊಳೆಗಳು ಸೇರುವ ಪಂಚಗಂಗಾವಳಿಯ ಸುತ್ತಲಿನ ಗದ್ದೆಗಳಲ್ಲಿ ಒಳ್ಳೆಯ ಆವೆಮಣ್ಣು, ಘಟ್ಟದ ಬುಡದಿಂದ ಬರುವ ಸೌದೆ, ಬಾಗಿಲಲ್ಲೇ ನೀರಿನ ದಾರಿ. ದೋಣಿಯಲ್ಲಿ ಮಣ್ಣು ಬರುತ್ತಿತ್ತು, ಮಂಜಿಯಲ್ಲಿ ಹಂಚು ಮುಂಬಯಿ ಕಡೆಗೆ ಹೋಗುತ್ತಿತ್ತು. ಬೀಡಿ ಮತ್ತು ಹಂಚು ಇಲ್ಲಿನ ಬಡವರ ಮನೆಗಳಿಗೆ ಎರಡು ಹೊತ್ತಿನ ಊಟ ಕೊಟ್ಟ ಎರಡು ಕೆಲಸಗಳು. ತಾರಸಿ ಮನೆಗಳು ಬಂದವು, ಮಣ್ಣಿಗೂ ಸೌದೆಗೂ ತತ್ವಾರವಾಯಿತು, ಒಂದೊಂದೇ ಚಿಮಣಿ ತಣ್ಣಗಾಯಿತು.

ಈಗ ಒಂದು ಹಳೆಯ ಹಂಚನ್ನು ಕೈಗೆ ತೆಗೆದುಕೊಂಡು ಕವುಚಿ ನೋಡಿ. ಮೇಲ್ಮೈಯಲ್ಲಿ ಪಾಚಿ ಕಟ್ಟಿ ಕರಿಯಾಗಿದ್ದರೂ ಕೆಳಮೈ ಅಡುಗೆಮನೆಯ ಹೊಗೆ ತಾಗದಿದ್ದರೆ ಕೆಂಪಾಗಿಯೇ ಇರುತ್ತದೆ. ನಡುವೆ ಉಬ್ಬಕ್ಷರದಲ್ಲಿ ಕಾರ್ಖಾನೆಯ ಹೆಸರು, ಊರು, ಕೆಲವೊಮ್ಮೆ ಒಂದು ಇಸವಿ. ರೀಪಿನ ಮೇಲೆ ಕೂರಲು ಎರಡು ಗುಬ್ಬಿ. ತಂತಿ ಕಟ್ಟಲು ಸಣ್ಣ ತೂತಿನ ಕಿವಿ ಇದ್ದರೂ ಇರಬಹುದು. ಬೆರಳಾಡಿಸಿದರೆ ಅಕ್ಷರಗಳ ಅಂಚು ಚೂಪಾಗಿದೆಯೋ ಸವೆದಿದೆಯೋ ತಿಳಿಯುತ್ತದೆ. ಇಲ್ಲಿಂದ ವಿಚಾರಣೆ ಶುರುವಾಗಬೇಕು.

ಮೊದಲನೆಯದು ಇಸವಿ. 1865 ಎಂದು ಬರೆದಿರುವ ಹಂಚು ಸಿಕ್ಕಿತೆಂದು ಅದಕ್ಕೆ ನೂರೈವತ್ತು ವರ್ಷ ದಾಟಿದೆ ಎಂದು ಹೇಳುವವರು ಬಹಳ. ಮನೆಯ ಕಾಲವನ್ನೂ ಅದರಿಂದಲೇ ಲೆಕ್ಕ ಹಾಕುತ್ತಾರೆ. 1865, 1868 ಎಂಬವು ಆಯಾ ಸಂಸ್ಥೆ ಹುಟ್ಟಿದ ಇಸವಿಗಳು. ಹಳೆಯ ಕಾರ್ಖಾನೆ ಎಂಬ ಹೆಮ್ಮೆ ತೋರಿಸಲು ದಶಕಗಳ ಕಾಲ ಅದೇ ಇಸವಿಯನ್ನು ಅಚ್ಚಿನಲ್ಲಿ ಉಳಿಸಿಕೊಂಡರು. ಆ ಹಂಚು 1900ರದ್ದೂ ಆಗಬಹುದು, 1930ರದ್ದೂ ಆಗಬಹುದು. ಇಸವಿ ಹೇಳುವುದು ಇಷ್ಟೇ: ಅದಕ್ಕಿಂತ ಹಳೆಯದಲ್ಲ.

ಎರಡನೆಯದು ಕಾಗುಣಿತ. ಕುಂದಾಪುರವನ್ನು ಇಂಗ್ಲಿಷರು ಎರಡು ಕಡೆ ಜೋಡಿ 'ಓ' ಹಾಕಿ ಬರೆಯುತ್ತಿದ್ದರು. ಹಂಚಿನ ಮೇಲೆ ಆ ಹಳೆಯ ರೂಪವಿದ್ದರೆ ಅದು ಬ್ರಿಟಿಷರ ಕಾಲದ್ದೆಂದು ಹೇಳುವ ಆಸೆ ಆಗುತ್ತದೆ. ಆದರೆ ಹೆಸರಿಗೆ ಒಗ್ಗಿಹೋದ ಸಂಸ್ಥೆಗಳು ಸ್ವಾತಂತ್ರ್ಯದ ನಂತರವೂ ಹಳೆಯ ಕಾಗುಣಿತವನ್ನೇ ಇಟ್ಟುಕೊಂಡವು. ಆದ್ದರಿಂದ ಕಾಗುಣಿತ ಅರ್ಧ ಸಾಕ್ಷಿ. ಕನ್ನಡ ಅಕ್ಷರ ಇದ್ದರೆ, ದೇಶದ ಹೆಸರು ಇದ್ದರೆ, ದರ್ಜೆಯ ಗುರುತು ಇದ್ದರೆ ಎಲ್ಲವನ್ನೂ ಕೂಡಿಸಿ ನೋಡಬೇಕು.

ಮೂರನೆಯದು ಅಚ್ಚಿನ ಸ್ವಭಾವ, ನನ್ನ ದೃಷ್ಟಿಯಲ್ಲಿ ಇದೇ ಅತಿ ಗಟ್ಟಿ ಸಾಕ್ಷಿ. ಮಣ್ಣಿನ ಹಾಳೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಪ್ರೆಸ್ಸಿನಲ್ಲಿ ಒತ್ತಿದಾಗ ಹಂಚು ಮೂಡುತ್ತದೆ. ಅಕ್ಷರ ಹಂಚಿನಲ್ಲಿ ನೆಟ್ಟಗೆ ಕಾಣಬೇಕಾದರೆ ಅಚ್ಚಿನಲ್ಲಿ ಉಲ್ಟಾ ಕೊರೆದಿರಬೇಕು. ಕೊರೆಯುವವನ ಕೈ ತಪ್ಪಿದ ಕಡೆ ಒಂದಕ್ಷರ ತಿರುಗಿ ಬೀಳುತ್ತದೆ. ಬಳಸುತ್ತ ಬಳಸುತ್ತ ಅಚ್ಚು ಸವೆದಾಗ ಅಕ್ಷರದ ಕಾಲು ಮುರಿಯುತ್ತದೆ, ಗೆರೆಯೊಂದು ಸೀಳುತ್ತದೆ. ಒಂದೇ ದೋಷ ಎರಡು ಮನೆಗಳ ಹಂಚಿನಲ್ಲಿ ಕಂಡರೆ ಅವೆರಡೂ ಒಂದೇ ಅಚ್ಚಿನಿಂದ ಬಂದವು ಎನ್ನಲು ಅಡ್ಡಿಯಿಲ್ಲ. ಒಂದು ಮನೆ ಕಟ್ಟಿದ ವರ್ಷ ಕಾಗದಪತ್ರದಿಂದ ತಿಳಿದಿದ್ದರೆ ಇನ್ನೊಂದರ ಕಾಲವೂ ಹೆಚ್ಚುಕಡಿಮೆ ತಿಳಿಯುತ್ತದೆ. ನಾಣ್ಯಶಾಸ್ತ್ರಜ್ಞರು ಟಂಕಗಳನ್ನು ಹೋಲಿಸಿ ನೋಡುವ ವಿಧಾನ ಇದೇ. ಹಂಚಿಗೆ ಅದನ್ನು ಅನ್ವಯಿಸಲು ದುಬಾರಿ ಉಪಕರಣ ಬೇಡ. ಓರೆ ಬೆಳಕಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೋ ಸಾಕು.

ಒಂದು ಮಾಡಿನಲ್ಲಿ ಒಂದೇ ಕಾರ್ಖಾನೆಯ ಹಂಚು ಇರುವುದೂ ಅಪರೂಪ ಎಂಬುದನ್ನು ಮರೆಯಬಾರದು. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಮಾಡಿಗೆ ಕೈಯಾಡಿಸುವಾಗ ಒಡೆದದ್ದನ್ನು ತೆಗೆದು ಸಿಕ್ಕಿದ್ದನ್ನು ಹೊದೆಸುತ್ತಾರೆ. ತೆಂಗಿನಕಾಯಿ ಬೀಳುವ ಕಡೆ, ಮಂಗ ಓಡಾಡುವ ಕಡೆ ಹೊಸ ಹಂಚು ಜಾಸ್ತಿ. ಹಾಗಾಗಿ ಒಂದು ಹಂಚು ತೆಗೆದು ಮನೆಯ ಚರಿತ್ರೆ ಬರೆಯಬಾರದು. ಯಾವ ಮುದ್ರೆಯವು ಎಷ್ಟಿವೆ, ಎಲ್ಲೆಲ್ಲಿವೆ ಎಂದು ನೋಡಬೇಕು. ಬೇರೆ ಮನೆ ಕೆಡವಿ ತಂದ ಹಂಚಿನಿಂದಲೇ ಕಟ್ಟಿದ ಮನೆಗಳೂ ಇವೆ.

ಹಂಚಿನ ವಿಷಯದಲ್ಲಿ ನನ್ನನ್ನು ಕಾಡುವ ಮಾತು ಇನ್ನೊಂದಿದೆ. ಬೆನ್ನ ಮೇಲಿನ ಹೆಸರು ಧಣಿಯದ್ದು. ಮಣ್ಣು ಹೊತ್ತವರು, ಪ್ರೆಸ್ ತಿರುಗಿಸಿದವರು, ಹಸಿ ಹಂಚಿನ ಅಂಚು ಕೆರೆದವರು, ಬೆಂಕಿ ಕಾಯ್ದವರು ಅದರಲ್ಲಿಲ್ಲ. ಆದರೂ ಒಮ್ಮೊಮ್ಮೆ ಅಂಚಿನಲ್ಲಿ ಬೆರಳಚ್ಚು ಉಳಿದಿರುತ್ತದೆ, ಒಣಗಲು ಇಟ್ಟಾಗ ಮೇಲೆ ಓಡಿದ ನಾಯಿಯ ಹೆಜ್ಜೆ ಉಳಿದಿರುತ್ತದೆ. ಮಾಡಿದವರು ಯಾರು ಎಂದು ಪ್ರಾಮಾಣಿಕವಾಗಿ ಕೇಳುವುದಾದರೆ ಕಾರ್ಮಿಕ ಸಂಘಗಳ ಕಡತ, ಹಾಜರಿ ಪುಸ್ತಕ, ಭವಿಷ್ಯನಿಧಿಯ ದಾಖಲೆಗಳನ್ನೂ ತೆರೆಯಬೇಕು. ಕಾರ್ಖಾನೆಗಳಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಹಂಚಿನ ಬಣ್ಣ ನೋಡಿ ಯಾವ ಕಡೆಯ ಮಣ್ಣು ಎಂದು, ತಟ್ಟಿದ ಸದ್ದು ಕೇಳಿ ಎಷ್ಟು ಬೆಂದಿದೆ ಎಂದು ಹೇಳಬಲ್ಲವರು ಅವರು. ಯಾವ ಕೋಶದಲ್ಲೂ ಸಿಗದ ಜ್ಞಾನ ಇದು.

ಹಂಚಿನಿಂದ ಭರಣಿಗೆ ಬರೋಣ. ಮೇಲೆ ಕಂದು, ಕೆಳಗೆ ಕೆನೆಬಿಳಿ, ಕಲ್ಲಿನಂತೆ ಗಟ್ಟಿಯಾದ ಈ ಜಾಡಿಗಳು ಇಲ್ಲದ ಹಳೆಯ ಮನೆ ಇಲ್ಲ. ಬಹುತೇಕ ಭರಣಿಗಳಲ್ಲಿ ಹೆಸರಿಲ್ಲ. ಇದ್ದರೆ ತಳದ ಹತ್ತಿರ ಒತ್ತಿದ ಮುದ್ರೆ ಇರುತ್ತದೆ. ಬಂಗಾಳದ ರಾಣಿಗಂಜಿನ ಬರ್ನ್ ಕಂಪನಿ, ತಮಿಳುನಾಡಿನ ರಾಣಿಪೇಟೆಯ ಪ್ಯಾರಿ ಕಂಪನಿ, ಗುಜರಾತಿನ ಪರಶುರಾಮ ಪಾಟರಿ ಇಂಥ ಕೆಲಸದಲ್ಲಿ ಹೆಸರಾದವು. ನಮ್ಮ ರಾಜ್ಯದಲ್ಲೇ ಬೆಳಗಾವಿ ಜಿಲ್ಲೆಯ ಖಾನಾಪುರ ಮಣ್ಣಿನ ಕೆಲಸಕ್ಕೆ ಪ್ರಸಿದ್ಧ. ಮೈಸೂರು ಸಂಸ್ಥಾನದವರು ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ಕಟ್ಟಿದ್ದರು, ವಿದ್ಯುತ್ ಕಂಬಗಳ ಬಿಳಿ ಪಿಂಗಾಣಿ ಅಲ್ಲಿ ತಯಾರಾಗುತ್ತಿತ್ತು. 1976ರಲ್ಲಿ ಅದು ಬಿಎಚ್‌ಇಎಲ್ ಸಂಸ್ಥೆಗೆ ಸೇರಿತು.

ಮುದ್ರೆ ಇಲ್ಲದ ಭರಣಿಯನ್ನು ಓದಲು ತಳವನ್ನು ತಿರುಗಿಸಬೇಕು. ಹೊಳಪಿಲ್ಲದ ತಳದಲ್ಲಿ ಬೆಂದ ಮಣ್ಣಿನ ನಿಜ ಬಣ್ಣ ಕಾಣುತ್ತದೆ: ಬೂದಿಯೋ, ಹಳದಿಯೋ, ಕೆಂಪೋ. ಮೈ ಕಿತ್ತಳೆಯ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಕುಳಿಗಳಿಂದ ಕೂಡಿದ್ದರೆ ಉರಿಯುವ ಭಟ್ಟಿಗೆ ಉಪ್ಪು ಎಸೆದು ಹೊಳಪು ಬರಿಸಿದ್ದು. ಗಾಜಿನಂತೆ ನುಣುಪಾಗಿದ್ದರೆ ಹೊಳಪಿನ ದ್ರಾವಣದಲ್ಲಿ ಅದ್ದಿದ್ದು. ಕಂದು ಬಿಳಿ ಸೇರುವ ಗೆರೆ, ಮುಚ್ಚಳ ಕೂರುವ ಅಂಚಿನ ಕಡೆತ, ಒಳಗೋಡೆಯ ಮೇಲೆ ಚಕ್ರದಲ್ಲಿ ಎತ್ತುವಾಗ ಉಳಿದ ಬೆರಳಿನ ಸುತ್ತುಗಳು, ಇವೆಲ್ಲ ಒಂದೊಂದು ಕಾರ್ಖಾನೆಗೆ ಒಂದೊಂದು ರೀತಿ. ಒಂದು ಭರಣಿಯಿಂದ ಏನೂ ಹೇಳಲಾಗದು. ಮುದ್ರೆ ಇರುವ ಹತ್ತು ಭರಣಿಗಳ ಪಕ್ಕ ಮುದ್ರೆ ಇಲ್ಲದ್ದನ್ನು ಇಟ್ಟರೆ ಹೇಳಬಹುದು.

ಎರಡು ಹೆಸರಿನ ಗೊಂದಲಕ್ಕೆ ಅಚ್ಚುಕಟ್ಟಾದ ಉದಾಹರಣೆ ಹಳೆಯ ಮಸಿ ಬಾಟಲಿ. ಬ್ರಿಟಿಷರ ಕಾಲದಲ್ಲಿ ಕಚೇರಿ, ಕೋರ್ಟುಗಳಿಗೆ ಬರುತ್ತಿದ್ದ ಕಂದು ಬಣ್ಣದ ಕಲ್ಲುಮಣ್ಣಿನ ಮಸಿ ಬಾಟಲಿಗಳಲ್ಲಿ ಲಂಡನ್ನಿನ ಪಿ. ಅಂಡ್ ಜೆ. ಆರ್ನಾಲ್ಡ್ ಎಂಬ ಹೆಸರಿರುತ್ತದೆ. ಅದು ಮಸಿ ಮಾಡಿದವರ ಹೆಸರು. ಅದೇ ಮುದ್ರೆಯಲ್ಲಿ, ಡರ್ಬಿ ಸಮೀಪದ ಡೆನ್ಬಿ ಪಾಟರಿಯ ಜೆ. ಬೋರ್ನ್ ಅಂಡ್ ಸನ್ ಎಂಬ ಇನ್ನೊಂದು ಹೆಸರೂ ಇರುತ್ತದೆ. ಬಾಟಲಿ ಮಾಡಿದವರು ಅವರು. ಎರಡನ್ನೂ ಒತ್ತಿದ್ದರಿಂದ ಇಲ್ಲಿ ನಮಗೆ ಉತ್ತರ ಸಿಕ್ಕಿತು. ಒಂದೇ ಒತ್ತಿರುವ ನೂರಾರು ಬಾಟಲಿಗಳಲ್ಲಿ ಸಿಗುವ ಹೆಸರು ಬಹುಪಾಲು ತುಂಬಿಸಿದವರದ್ದೇ.

ಪಿಂಗಾಣಿ ಬಶಿ, ಕಪ್ಪುಗಳಲ್ಲಿ ಕಾಲ ನಿರ್ಣಯ ಸ್ವಲ್ಪ ಸುಲಭ, ಏಕೆಂದರೆ ಅಲ್ಲಿ ಬೇರೆ ದೇಶಗಳ ಕಾನೂನುಗಳು ನಮ್ಮ ನೆರವಿಗೆ ಬರುತ್ತವೆ. ಅಮೆರಿಕದ 1890ರ ಸುಂಕದ ಕಾನೂನು ಆಮದು ಸರಕಿನ ಮೇಲೆ ಹುಟ್ಟಿದ ದೇಶದ ಹೆಸರು ಇರಬೇಕೆಂದಿತು. ಅಲ್ಲಿಗೆ ರಫ್ತು ಮಾಡುತ್ತಿದ್ದ ಕಾರ್ಖಾನೆಗಳು ಎಲ್ಲ ಕಡೆಗೆ ಕಳಿಸುವ ಸರಕಿಗೂ ಅದನ್ನೇ ಒತ್ತತೊಡಗಿದವು. ಜಪಾನಿನ ಸರಕಿನಲ್ಲಿ 'ನಿಪ್ಪಾನ್' ಎಂದಿದ್ದರೆ ಸಾಮಾನ್ಯವಾಗಿ 1921ಕ್ಕೆ ಮೊದಲಿನದು, 'ಜಪಾನ್' ಎಂದಿದ್ದರೆ ನಂತರದ್ದು. 'ಆಕ್ರಮಿತ ಜಪಾನ್' ಎಂಬ ಅರ್ಥದ ಇಂಗ್ಲಿಷ್ ಮುದ್ರೆ ಎರಡನೇ ಮಹಾಯುದ್ಧದ ನಂತರದ, 1952ಕ್ಕೆ ಮುಗಿದ ಕೆಲವೇ ವರ್ಷಗಳದ್ದು. ಜೆಕೊಸ್ಲೊವಾಕಿಯಾ ಎಂದಿದ್ದರೆ 1918ರ ನಂತರದ್ದು, ಪಶ್ಚಿಮ ಜರ್ಮನಿ ಎಂದಿದ್ದರೆ 1949ರ ನಂತರದ್ದು. ಇಂಗ್ಲೆಂಡಿನಲ್ಲಿ ವಿನ್ಯಾಸ ನೋಂದಣಿಗೆ 1842ರಿಂದ 1883ರವರೆಗೆ ವಜ್ರಾಕೃತಿಯ ಮುದ್ರೆ, 1884ರಿಂದ ಅಂಕಿ. ಆ ಅಂಕಿ ಸುಮಾರು 1,41,000 ಇದ್ದರೆ 1890ರ ಹೊತ್ತಿನ ನೋಂದಣಿ, 3,51,000 ಇದ್ದರೆ 1900ರದ್ದು. ಆದರೆ ಇದು ವಿನ್ಯಾಸ ನೋಂದಾಯಿಸಿದ ವರ್ಷ. ಅದೇ ವಿನ್ಯಾಸದ ಬಶಿಯನ್ನು ಮತ್ತೆ ಇಪ್ಪತ್ತು ವರ್ಷ ಮಾಡಿದ್ದರೂ ಮಾಡಿರಬಹುದು.

ಕರಾವಳಿಯ ಬಂದರುಗಳ ಮನೆಗಳಲ್ಲಿ ನಾನು ಗಮನಕೊಟ್ಟು ಹುಡುಕುವುದು ಹಾಲೆಂಡಿನ ಮಾಸ್ಟ್ರಿಕ್ಟ್ ಊರಿನ ಮುದ್ರೆಯನ್ನು. ಪೆಟ್ರುಸ್ ರೆಗೌಟ್ ಕಂಪನಿಯದ್ದಾದರೆ ಹೆಣ್ಣು ಮುಖದ ಸಿಂಹದಂತಿರುವ ಸ್ಫಿಂಕ್ಸ್, ಅದೇ ಊರಿನ ಸೊಸಿಯೆಟೆ ಸೆರಾಮಿಕ್ ಕಂಪನಿಯದ್ದಾದರೆ ಸಿಂಹ. ಗಾಢ ಬಣ್ಣದ ಹೂಗಳನ್ನು ಸ್ಪಂಜಿನ ತುಂಡಿನಿಂದ ಒತ್ತಿ ಬಿಡಿಸಿದ ಇಂಥ ದೊಡ್ಡ ಬಟ್ಟಲುಗಳು ಏಷ್ಯಾದ ಬಂದರುಗಳ ಮಾರುಕಟ್ಟೆಗಾಗಿಯೇ ತಯಾರಾದವು. ಒಂದೇ ತಟ್ಟೆಯ ಸುತ್ತ ಕೂತು ಉಣ್ಣುವ ಮನೆಗಳಿಗೆ ಅವು ಹೇಳಿ ಮಾಡಿಸಿದಂತಿದ್ದವು. ಈ ಎರಡು ಕಂಪನಿಗಳು 1958ರಲ್ಲಿ ಒಂದಾದವು.

ಹಳೆಯ ತುಳಸಿಕಟ್ಟೆಗಳಲ್ಲಿ, ಜಗುಲಿಯ ಗೋಡೆಗಳಲ್ಲಿ ಕಾಣುವ ಉಬ್ಬು ಹೂವಿನ ಬಣ್ಣದ ಬಿಲ್ಲೆಗಳನ್ನು ಇಂಗ್ಲೆಂಡಿನದೆಂದು ಸಾರಾಸಗಟಾಗಿ ಹೇಳುವುದುಂಟು. ಹಲವು ಜಪಾನಿನವು. ಇಂಗ್ಲಿಷ್ ಬಿಲ್ಲೆಗಳ ಮಾದರಿ ನೋಡಿ ಅವಾಜಿ ದ್ವೀಪದ ದಾಂತೋ ಕಂಪನಿ, ನಗೋಯಾದ ಸಾಜಿ ಕಂಪನಿಗಳು ಕಳೆದ ಶತಮಾನದ ಮೊದಲ ದಶಕಗಳಲ್ಲಿ ಮಾಡಿ ಕಳಿಸಿದವು. ಮುದ್ರೆ ಇರುವುದು ಬಿಲ್ಲೆಯ ಬೆನ್ನಿನಲ್ಲಿ, ಗಾರೆಯೊಳಗೆ. ತುಳಸಿಕಟ್ಟೆ ಒಡೆಯುವ ದಿನ ಮಾತ್ರ ಓದಲು ಸಿಗುತ್ತದೆ. ಆ ದಿನ ಓದದಿದ್ದರೆ ಮತ್ತೆ ಇಲ್ಲ.

ಗಾಜು ಇದಕ್ಕಿಂತ ಕಷ್ಟ. ಗಾಜಿನ ಸಾಮಾನಿಗೆ ಮುದ್ರೆ ಕಡಿಮೆ, ಕಟ್ಟುಕತೆ ಹೆಚ್ಚು. ಹಳೆಯ ಮನೆಯಲ್ಲಿ ಕನ್ನಡಿ ಇದ್ದರೆ ಬೆಲ್ಜಿಯಂನದ್ದು, ತೂಗುದೀಪದ ಬುರುಡೆ ಇದ್ದರೆ ಅದೂ ಬೆಲ್ಜಿಯಂನದ್ದು. ಬೆಲ್ಜಿಯಂನಿಂದ ಬಂದದ್ದು ನಿಜವಾಗಿಯೂ ಇದೆ. ಆದರೆ ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿ ಕಲ್ಕತ್ತೆಯಲ್ಲೇ ಮಳಿಗೆ ಇಟ್ಟು ದೀಪಗುಚ್ಛ ಮಾರುತ್ತಿತ್ತು, ಬೊಹೀಮಿಯಾದ ಬಣ್ಣದ ಗಾಜೂ ಧಾರಾಳವಾಗಿ ಬರುತ್ತಿತ್ತು. ಮುದ್ರೆಯಾಗಲಿ ರಶೀದಿಯಾಗಲಿ ಇಲ್ಲದೆ ಊರಿನ ಹೆಸರು ಹೇಳುವುದನ್ನು ನಾವು ನಿಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾಜಿನಲ್ಲಿ ಮೊದಲು ನೋಡಬೇಕಾದದ್ದು ತಯಾರಿಯ ಕ್ರಮ. ತಳದ ನಡುವೆ ಒರಟು ಗಾಯದಂಥ ಗುರುತಿದ್ದರೆ ಕಬ್ಬಿಣದ ಸಲಾಕೆಗೆ ಅಂಟಿಸಿ ಬಾಯಿ ತಿದ್ದಿದ ಕೈಕೆಲಸ. ಎರಡು ಪಕ್ಕದಲ್ಲಿ ಅಚ್ಚಿನ ಗೆರೆ ಮೇಲೇರಿ ಕುತ್ತಿಗೆಯಲ್ಲಿ ಮಾಯವಾದರೆ ಮೈಯನ್ನು ಅಚ್ಚಿನಲ್ಲಿ ಊದಿ, ಬಾಯನ್ನು ಕೈಯಿಂದ ಮುಗಿಸಿದ್ದು. ಗೆರೆ ಬಾಯಿಯ ಅಂಚಿನವರೆಗೂ ಹೋದರೆ ಯಂತ್ರದ್ದು. ಅಮೆರಿಕದ ಮೈಕೆಲ್ ಓವೆನ್ಸ್ ಪೂರ್ತಿ ಯಂತ್ರದ ಬಾಟಲಿ ತಯಾರಿಯನ್ನು 1903ರ ಹೊತ್ತಿಗೆ ಸಾಧಿಸಿದ. ಆದರೆ ಭಾರತದ ಭಟ್ಟಿಗಳಲ್ಲಿ ಬಾಯಿಂದ ಊದುವ ಕೆಲಸ ಆಮೇಲೂ ಬಹುಕಾಲ ನಡೆಯಿತು. ಅಮೆರಿಕದ ಕೋಶ ನೋಡಿ ನಮ್ಮ ಬಾಟಲಿಗೆ 1890 ಎಂದು ಬರೆದರೆ ಐವತ್ತು ವರ್ಷಗಳ ತಪ್ಪು ಸುಲಭವಾಗಿ ಆಗುತ್ತದೆ. ಗಾಜಿನೊಳಗಿನ ಗುಳ್ಳೆಗಳನ್ನು ಹಳತಿನ ಗುರುತು ಎಂದು ಮಾರುವವರು ತೋರಿಸುತ್ತಾರೆ. ಅದು ಗುರುತೇ ಅಲ್ಲ, ಈಗಿನ ಕೈಕೆಲಸದ ಗಾಜಿನಲ್ಲೂ ಗುಳ್ಳೆ ಇರುತ್ತದೆ.

ಗೋಲಿ ಸೋಡಾ ಬಾಟಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬವನ ಕಲ್ಪನೆ, 1870ರ ದಶಕದ ಆರಂಭದ್ದು. ಒಳಗಿನ ಗಾಳಿಯ ಒತ್ತಡ ಗೋಲಿಯನ್ನು ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ, ಕುಡಿಯುವಾಗ ಗೋಲಿ ಬಾಯಿಗೆ ಬರದಂತೆ ಕುತ್ತಿಗೆಯಲ್ಲಿ ಎರಡು ಕುಳಿಗಳು ತಡೆಯುತ್ತವೆ. ಮೈಮೇಲೆ ಉಬ್ಬಿದ ಹೆಸರು ಸೋಡಾ ಫ್ಯಾಕ್ಟರಿಯದ್ದು. ಬಾಟಲಿ ಹಿಂದಿರುಗಿ ಬರಲೆಂದು ಹಾಕಿಸಿದ್ದು ಅದು. ಗಾಜು ಮಾಡಿದವರ ಗುರುತು ಇದ್ದರೆ ತಳದಲ್ಲೋ ಮೈಯ ಅತ್ಯಂತ ಕೆಳಗಿನ ಸಾಲಿನಲ್ಲೋ ಸಣ್ಣದಾಗಿ ಇರುತ್ತದೆ. ಮೊದಮೊದಲು ಇಂಗ್ಲೆಂಡಿನಿಂದ ಬಂದವು, ಆಮೇಲೆ ನಮ್ಮ ದೇಶದಲ್ಲೇ ತಯಾರಾದವು. ಉತ್ತರ ಪ್ರದೇಶದ ಸಾಸ್ನಿ ಈ ಕೆಲಸವನ್ನು ಇತ್ತೀಚಿನವರೆಗೂ ಉಳಿಸಿಕೊಂಡ ಊರು. ಕರಾವಳಿಯ ಸೋಡಾ ಫ್ಯಾಕ್ಟರಿಗಳ ಹೆಸರಿರುವ ಬಾಟಲಿಗಳನ್ನು ಒಂದು ಕಡೆ ಪಟ್ಟಿ ಮಾಡಿದರೆ ಪೇಟೆಗಳ ವ್ಯಾಪಾರದ ಚರಿತ್ರೆಯ ಒಂದು ಅಧ್ಯಾಯವೇ ಆಗುತ್ತದೆ.

ಲಾಟೀನಿನಲ್ಲಿ ಲೋಹದ ಭಾಗಕ್ಕೂ ಗಾಜಿಗೂ ಬೇರೆ ಬೇರೆ ತಾಯಿಬೇರು. ಲಾಟೀನು ಅಮೆರಿಕದ ಡೀಟ್ಸ್ ಅಥವಾ ಜರ್ಮನಿಯ ಫ್ಯೂಯರ್‌ಹ್ಯಾಂಡ್ ಆಗಿದ್ದರೂ ಚಿಮಣಿ ಎಷ್ಟೋ ಸಲ ಬದಲಾಗಿರುತ್ತದೆ. ಮಹಾರಾಷ್ಟ್ರದ ಕರಾಡ್ ಬಳಿ 1916ರಲ್ಲಿ ಶುರುವಾದ ಓಗಲೆ ಗಾಜಿನ ಕಾರ್ಖಾನೆ ಮತ್ತು ಅವರ 'ಪ್ರಭಾಕರ' ಕಂದೀಲು ಸ್ವದೇಶಿ ಚಳವಳಿಯ ದಿನಗಳ ಹೆಮ್ಮೆ. ಅದಕ್ಕೂ ಮೊದಲು, 1908ರಲ್ಲಿ, ಜನರಿಂದ ಒಂದೊಂದು ಪೈಸೆ ಕೂಡಿಸಿ ತಳೇಗಾಂವದಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಕಟ್ಟಿದ್ದರು. ನಮ್ಮ ಕಡೆಯವರು ಮುಂಬಯಿ ಹೋಟೆಲುಗಳಿಂದ ಊರಿಗೆ ಬರುವಾಗ ತಂದ ಗಾಜಿನಲ್ಲಿ ಇವರ ಕೆಲಸವೂ ಇದ್ದೀತು, ಹುಡುಕಿ ನೋಡಬೇಕು. ಕೊಲ್ಲಿ ದೇಶಗಳಿಗೆ ಹೋದವರು ತಂದ ಫ್ರಾನ್ಸಿನ ಡ್ಯೂರಾಲೆಕ್ಸ್ ಲೋಟ, ಆರ್ಕೊಪಾಲ್ ಬಿಳಿ ತಟ್ಟೆಗಳೂ ಈಗ ಹಳೆಯ ಸಾಮಾನಿನ ಸಾಲಿಗೆ ಬಂದಿವೆ. ಡ್ಯೂರಾಲೆಕ್ಸ್ ಲೋಟದ ತಳದ ಅಂಕಿ ವರ್ಷವಲ್ಲ, ಅಚ್ಚಿನ ಸಂಖ್ಯೆ.

ಮುದ್ರೆಯೇ ಮೋಸ ಮಾಡುವ ಸಂದರ್ಭವೂ ಇದೆ. ಚೀನಾದ ಕುಶಲಿಗಳು ಕಾಂಗ್‌ಷಿ ಅರಸನ ಕಾಲದಲ್ಲಿ (1662–1722) ಮಾಡಿದ ಪಿಂಗಾಣಿಯ ತಳದಲ್ಲಿ ಇನ್ನೂರು ವರ್ಷ ಹಿಂದಿನ ಮಿಂಗ್ ಅರಸರ ಹೆಸರು ಬರೆದದ್ದು ಸಾಮಾನ್ಯ. ಹಳೆಯ ಕೆಲಸಕ್ಕೆ ತೋರಿದ ಗೌರವ ಅದು. ಬಾರ್ಕೂರು, ಬಸ್ರೂರಿನಂಥ ಹಳೆಯ ಪಟ್ಟಣಗಳ ಕೇರಿಗಳಲ್ಲಿ ಬಾವಿ ತೋಡುವಾಗ, ತೋಟ ಅಗೆಯುವಾಗ ನೀಲಿ ಗೆರೆಯ ಬಿಳಿ ಚೂರು ಸಿಕ್ಕರೆ ಇದು ನೆನಪಿರಲಿ. ಬಾರ್ಕೂರು ಆಳುಪರ ರಾಜಧಾನಿ, ಬಸ್ರೂರು ಪೋರ್ಚುಗೀಸರು ಕೋಟೆ ಕಟ್ಟಿದ, ಶಿವಾಜಿ 1665ರಲ್ಲಿ ದಂಡೆತ್ತಿ ಬಂದ ಬಂದರು. ಪಶ್ಚಿಮ ಕರಾವಳಿಯ ಹಳೆಯ ಬಂದರುಗಳಲ್ಲಿ ಚೀನಾ ಪಿಂಗಾಣಿಯ ಚೂರು ಸಿಗುವುದು ಹೊಸತಲ್ಲ. ಚೂರಿನಲ್ಲಿ ಅಕ್ಷರಕ್ಕಿಂತ ಹೆಚ್ಚು ಮಾತಾಡುವುದು ಪಾದದ ಬಳೆ, ಹೊಳಪಿನ ದಪ್ಪ, ಮುರಿದ ಅಂಚಿನ ಬಣ್ಣ. ಅದಕ್ಕಿಂತಲೂ ಹೆಚ್ಚು, ಅದು ಸಿಕ್ಕಿದ ಜಾಗ. ಜಾಗ ಬರೆದಿಡದೆ ಎತ್ತಿ ತಂದ ಚೂರು ಅರ್ಧ ಸತ್ತಂತೆ.

ಇನ್ನು ಹೆಸರೇ ಇಲ್ಲದ ಅಳಗೆ, ಬಾನಿ, ಕೊಡಪಾನ, ನಾಡ ಹಂಚುಗಳ ವಿಷಯ. ಸಂಗ್ರಹಕಾರರು ಇವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಇವೇ ಮುಖ್ಯ. ವಿದೇಶದ ಬಶಿಯನ್ನು ಗುರುತಿಸಲು ವಿದೇಶದಲ್ಲಿ ಕೋಶವಿದೆ, ಇಂದಲ್ಲ ನಾಳೆ ನೋಡಬಹುದು. ನಮ್ಮ ಕುಂಬಾರರ, ಕುಲಾಲರ ಅಳಗೆಯನ್ನು ಗುರುತಿಸಬಲ್ಲ ಜ್ಞಾನ ಕೆಲವೇ ಹಿರಿಯರ ಕಣ್ಣು ಕೈಗಳಲ್ಲಿದೆ, ಅವರ ಜೊತೆ ಅದೂ ಹೋಗುತ್ತದೆ.

ತಿಗರಿಯ ಮೇಲೆ ಬಾಯಿ ಮತ್ತು ಕುತ್ತಿಗೆ ಎತ್ತಿ, ಅರೆ ಒಣಗಿದ ಮೇಲೆ ಒಳಗೆ ಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆ ತುಂಬಿಸುವುದು ಕ್ರಮ. ಹಲಗೆಯ ಏಟು ಹೊರಮೈಯಲ್ಲಿ ಸಣ್ಣ ಸಮತಟ್ಟುಗಳಾಗಿ, ಕಲ್ಲಿನ ಏಟು ಒಳಮೈಯಲ್ಲಿ ಬಟ್ಟಲು ಕುಳಿಗಳಾಗಿ ಉಳಿಯುತ್ತದೆ. ಬೆಳಕಿಗೆ ಓರೆ ಹಿಡಿದರೆ ಏಟುಗಳ ಸಾಲು ಕಾಣುತ್ತದೆ. ಅವು ಬಲಕ್ಕೆ ವಾಲುತ್ತವೋ ಎಡಕ್ಕೋ, ಒತ್ತಾಗಿವೆಯೋ ಬಿಡಿಯಾಗಿವೆಯೋ ಎಂಬುದು ಒಂದೊಂದು ಕೈಯ ಅಭ್ಯಾಸ. ಬಾಯಿಯ ಅಂಚನ್ನು ಹೊರಗೆ ಮಡಚಿದ ರೀತಿ, ಕುತ್ತಿಗೆಯ ಸುತ್ತ ಕೊರೆದ ಗೆರೆಗಳ ಸಂಖ್ಯೆ, ಕೆಮ್ಮಣ್ಣು ಬಳಿದು ಉಜ್ಜಿದ ಹೊಳಪು, ಆವೆಯ ಹೊಗೆ ಮುಚ್ಚಿ ಕಪ್ಪು ಬರಿಸಿದ್ದು, ಇವೆಲ್ಲ ಕೂಡಿದರೆ ಒಂದು ಕೇರಿಯ, ಕೆಲವೊಮ್ಮೆ ಒಂದು ಮನೆಯ ಗುರುತು. ಯಾವ ಕುಂಬಾರರ ಮನೆಯಿಂದ ಯಾವ ದೇವಸ್ಥಾನಕ್ಕೆ, ಯಾವ ಒಕ್ಕಲಿಗೆ ಪಾತ್ರೆ ಹೋಗುತ್ತಿತ್ತು ಎಂಬ ಲೆಕ್ಕ ಹಳಬರಿಗೆ ಗೊತ್ತು. ವಸ್ತು ಬಂದ ದಾರಿ ತಿಳಿದರೆ ಮಾಡಿದ ಮನೆಯ ಬಾಗಿಲವರೆಗೆ ಹೋಗಬಹುದು. ಮುದ್ರೆ ಇರುವ ಹಂಚು ಕಾರ್ಖಾನೆಯ ಗೇಟಿನಲ್ಲಿ ನಿಲ್ಲಿಸುತ್ತದೆ, ಮುದ್ರೆ ಇಲ್ಲದ ಅಳಗೆ ಮಾಡಿದವರ ಹತ್ತಿರ ಕರೆದೊಯ್ಯುತ್ತದೆ.

ಮನೆಯವರ ನೆನಪನ್ನು ಎಷ್ಟು ನಂಬಬೇಕು? "ಅಜ್ಜಯ್ಯ ಬೊಂಬೈಂದ ತಂದದ್ ಅಂಬ್ರ್" ಎಂಬ ಮಾತು ಕೇಳದ ಮನೆ ಇಲ್ಲ. ವಸ್ತುವಿನ ವಯಸ್ಸಿನ ವಿಷಯದಲ್ಲಿ ಇಂಥ ನೆನಪು ಹಿಗ್ಗುತ್ತದೆ, ನಲವತ್ತು ವರ್ಷ ನೂರಾಗುತ್ತದೆ. ಆದರೆ ಯಾರು ತಂದರು, ಎಲ್ಲಿಂದ ತಂದರು, ಯಾವ ಮದುವೆಗೆ ಬಂತು ಎಂಬ ವಿಷಯದಲ್ಲಿ ಅದು ಆಶ್ಚರ್ಯವಾಗುವಷ್ಟು ಸರಿಯಾಗಿರುತ್ತದೆ. ಹಾಗಾಗಿ ಕಾಲಕ್ಕೆ ವಸ್ತುವನ್ನು ಕೇಳಬೇಕು, ದಾರಿಗೆ ಮನೆಯವರನ್ನು ಕೇಳಬೇಕು. ಎರಡೂ ಹೊಂದದಿದ್ದರೆ ಎರಡನ್ನೂ ಬರೆದಿಡಬೇಕು, ಒಂದನ್ನು ಅಳಿಸಬಾರದು. ಮಣ್ಣಿನ ಧಾತುಗಳನ್ನು ಎಕ್ಸ್‌ರೇ ಉಪಕರಣದಿಂದ ಅಳೆದು ಗದ್ದೆಯ ಮಣ್ಣಿನ ಜೊತೆ ಹೋಲಿಸುವ ವಿಧಾನವೂ ಇದೆ. ವಿಶ್ವವಿದ್ಯಾಲಯಗಳು ಮನಸ್ಸು ಮಾಡಿದರೆ ಅದು ಆಗದ ಕೆಲಸವಲ್ಲ.

ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಕುಂದಾಪುರ ಸೀಮೆಯ ಹರ್ಕೂರಿನ ಮನೆಯನ್ನೂ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅಷ್ಟು ದೊಡ್ಡ ಕೆಲಸ ಎಲ್ಲರಿಂದ ಆಗದು. ಮನೆಯ ಹಂಚಿನ ಮುದ್ರೆ ಬರೆದಿಡುವುದು ಎಲ್ಲರಿಂದ ಆಗುತ್ತದೆ. ನೂರು ವರ್ಷ ದಾಟಿದ ಕಲಾವಸ್ತು, ಕುಶಲವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವುದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆಯ ತಡೆ ಇದೆ ಎಂಬುದೂ ಮಾರುವವರಿಗೆ ತಿಳಿದಿರಲಿ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ನನ್ನ ವಿನಂತಿ ಇದು: ಈ ಮೂರು ತಾಲೂಕುಗಳಲ್ಲಿ ಕಾಣುವ ಹಂಚಿನ ಮುದ್ರೆಗಳ ಒಂದು ಸಚಿತ್ರ ಪಟ್ಟಿಯನ್ನು ವಿದ್ಯಾರ್ಥಿಗಳಿಂದ ಮಾಡಿಸಿ, ಕಾರ್ಖಾನೆಗಳಲ್ಲಿ ದುಡಿದವರ ಮಾತನ್ನು ಅದರ ಜೊತೆಗೆ ದಾಖಲಿಸಿ, ಕುಂಬಾರರ ಮನೆಗಳಿಗೂ ಹೋಗಿ. ಮನೆ ಕೆಡವುವವರಿಗೆ ಕೇಳುವುದು ಇನ್ನೂ ಚಿಕ್ಕದು. ಪ್ರತಿಯೊಂದು ಮುದ್ರೆಯ ಒಂದು ಇಡೀ ಹಂಚನ್ನು ಎತ್ತಿಡಿ. ಭರಣಿಯ, ಬಶಿಯ, ಬಾಟಲಿಯ ತಳದ ಫೋಟೋ ತೆಗೆಯಿರಿ. ಮನೆಯ ಊರು, ಕಟ್ಟಿದ ಕಾಲ, ವಸ್ತು ತಂದವರು ಯಾರೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಗುಜರಿಯವರನ್ನು ಕರೆಯುವುದು ಅದರ ಮರುದಿನವಾಗಲಿ.